ಹದಿನಾರರಲ್ಲಿ ಒಂದು

2023ರ ಆಗಸ್ಟ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಎಂಬಲ್ಲಿ ಆರ್‌ಎಂ ಸೋದಬೀಸ್ ಸಂಸ್ಥೆಯವರು ಹಳೆಯ ಕಾರುಗಳ ಹರಾಜು ನಡೆಸಿದರು. ಅಲ್ಲಿ ಮಾರಾಟಕ್ಕೆ ಬಂದವುಗಳಲ್ಲಿ ಎರಡೇ ಸೀಟಿನ, ಟಾಪ್ ತೆಗೆಯಬಹುದಾದ ಒಂದು ಬ್ರಿಟಿಷ್ ಕಾರು ಇತ್ತು. ಹೆಸರು ಜಾಗ್ವಾರ್ ಎಕ್ಸ್‌ಕೆಎಸ್‌ಎಸ್. ತಯಾರಾದದ್ದು 1957ರಲ್ಲಿ. ಹರಾಜು ಸಂಸ್ಥೆಯ ಕಮಿಷನ್ ಸೇರಿ ಅದು ಮಾರಾಟವಾದದ್ದು 1 ಕೋಟಿ 32 ಲಕ್ಷದ 5 ಸಾವಿರ ಡಾಲರಿಗೆ. ಆಗಿನ ವಿನಿಮಯ ದರದಲ್ಲಿ ಸುಮಾರು 110 ಕೋಟಿ ರೂಪಾಯಿ.

ಇದೇ ಮಾದರಿ ಹೊಸದಾಗಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 6,900 ಡಾಲರ್. ಅಂದಿನ ಲೆಕ್ಕಕ್ಕೆ 33 ಸಾವಿರ ರೂಪಾಯಿಯ ಆಸುಪಾಸು.

ಅರವತ್ತಾರು ವರ್ಷಗಳಲ್ಲಿ ಆ ಕಾರಿಗೆ ಏನಾಯಿತು? ಲೋಹ ಅದೇ ಲೋಹ. ಆರು ಸಿಲಿಂಡರಿನ ಎಂಜಿನ್ ಅದೇ. ಇವತ್ತಿನ ಸಾಧಾರಣ ಕಾರಿನಲ್ಲಿ ಇರುವ ಏರ್‌ಬ್ಯಾಗಾಗಲಿ, ಎಸಿಯಾಗಲಿ ಅದರಲ್ಲಿ ಇಲ್ಲ. ಮಳೆ ಬಂದರೆ ಮೇಲೆ ಒಂದು ಬಟ್ಟೆಯ ಹೊದಿಕೆ ಮಾತ್ರ. ಆದರೂ ಜಗತ್ತಿನ ಶ್ರೀಮಂತ ಸಂಗ್ರಾಹಕರು ಅದಕ್ಕಾಗಿ ಪೈಪೋಟಿ ನಡೆಸುತ್ತಾರೆ. ಇದಕ್ಕೆ ಉತ್ತರ ಕಾರಿನ ಚರಿತ್ರೆಯಲ್ಲಿದೆ. ಆ ಚರಿತ್ರೆಯನ್ನು ದಾಖಲೆ ಸಮೇತ ರುಜುವಾತು ಮಾಡಲು ಸಾಧ್ಯವಾಗಿರುವುದರಲ್ಲಿದೆ.

ಈ ಕಾರಿನ ಊರು ಇಂಗ್ಲೆಂಡಿನ ಕವೆಂಟ್ರಿ. ಸೈಕಲ್ಲು, ಮೋಟಾರ್ ಸೈಕಲ್ಲು, ಆಮೇಲೆ ಕಾರು ಮಾಡುತ್ತ ಬೆಳೆದ ಊರು ಅದು. 1940ರ ನವೆಂಬರ್ 14ರ ರಾತ್ರಿ ಜರ್ಮನಿಯ ಬಾಂಬುಗಳಿಗೆ ಸಿಕ್ಕಿ ಊರಿನ ನಡುಭಾಗವೇ ಸುಟ್ಟುಹೋಯಿತು. ಜಾಗ್ವಾರ್ ಕಂಪನಿಯ ಸ್ಥಾಪಕ ವಿಲಿಯಂ ಲಯನ್ಸ್ 1922ರಲ್ಲಿ ಬ್ಲ್ಯಾಕ್‌ಪೂಲ್ ಎಂಬ ಕಡಲತೀರದ ಊರಿನಲ್ಲಿ, ಮೋಟಾರ್ ಸೈಕಲ್ಲಿಗೆ ಜೋಡಿಸುವ ಸೈಡ್‌ಕಾರುಗಳನ್ನು ಮಾಡುತ್ತ ಕಸುಬು ಶುರುಮಾಡಿದವರು. ಆಗ ಅವರಿಗೆ 21 ವರ್ಷ. 1928ರಲ್ಲಿ ಕವೆಂಟ್ರಿಗೆ ಬಂದರು. ಯುದ್ಧದ ಕಾಲದಲ್ಲಿ ಕಾರ್ಖಾನೆಗೆ ಬೆಂಕಿ ಬಿದ್ದೀತೆಂದು ರಾತ್ರಿಯೆಲ್ಲ ಕಾವಲು ಕಾಯಬೇಕಿತ್ತು. ಆ ಸರದಿಯಲ್ಲಿ ಲಯನ್ಸ್ ಜೊತೆ ಎಂಜಿನಿಯರುಗಳಾದ ವಿಲಿಯಂ ಹೈನ್ಸ್, ವಾಲ್ಟರ್ ಹ್ಯಾಸನ್, ಕ್ಲಾಡ್ ಬೈಲಿ ಕೂತು, ಯುದ್ಧ ಮುಗಿದ ಮೇಲೆ ಮಾಡಬೇಕಾದ ಎಂಜಿನ್ನಿನ ಬಗ್ಗೆ ಚರ್ಚಿಸುತ್ತಿದ್ದರು. ಆ ಕಾವಲಿನ ರಾತ್ರಿಗಳಲ್ಲಿ ರೂಪುಗೊಂಡದ್ದೇ ಎಕ್ಸ್‌ಕೆ ಎಂಜಿನ್. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಎಕ್ಸ್‌ಕೆ 120 ಎಂಬ ಟಾಪ್ ತೆಗೆಯುವ ಕಾರಿನಲ್ಲಿ ಅದು ಜನರ ಕಣ್ಣಿಗೆ ಬಿತ್ತು. 1992ರವರೆಗೂ ಆ ಎಂಜಿನ್ ತಯಾರಾಗುತ್ತಲೇ ಇತ್ತು.

ಎಂಜಿನ್ ಇಷ್ಟು ಚೆನ್ನಾಗಿದ್ದರೆ ರೇಸಿಗೆ ಇಳಿಯದೆ ಇರುವುದುಂಟೇ? ಫ್ರಾನ್ಸಿನ ಲ ಮಾನ್‌ನಲ್ಲಿ ನಡೆಯುವ 24 ಗಂಟೆಗಳ ರೇಸು ಆ ಕಾಲದ ಕಾರು ತಯಾರಕರಿಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಇಡೀ ಹಗಲು, ಇಡೀ ರಾತ್ರಿ ಓಡಬೇಕು; ಕೆಟ್ಟು ನಿಂತರೆ ಮುಗಿಯಿತು. 1951ರಲ್ಲಿ ಮತ್ತು 1953ರಲ್ಲಿ ಜಾಗ್ವಾರ್ ಅಲ್ಲಿ ಗೆದ್ದಿತು. ಅದಾದ ಮೇಲೆ ಹುಟ್ಟಿದ್ದು ಡಿ ಟೈಪ್. ಅದರ ಆಕಾರ ಕೊಟ್ಟವರು ಮಾಲ್ಕಮ್ ಸೇಯರ್. ಯುದ್ಧಕಾಲದಲ್ಲಿ ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿದ್ದವರು. ಗಾಳಿ ಕಾರಿನ ಮೈಮೇಲೆ ಹೇಗೆ ಹರಿಯುತ್ತದೆ ಎಂಬುದನ್ನು ಗಣಿತದಿಂದ ಲೆಕ್ಕ ಹಾಕಿ ಅವರು ಒಂದೊಂದು ತಿರುವನ್ನೂ ಬರೆದರು. ನಡುವಿನ ಭಾಗ ವಿಮಾನದ ಒಡಲಿನಂತೆ ತೆಳು ತಗಡನ್ನು ರಿವೆಟ್ ಹೊಡೆದು ಕೂಡಿಸಿದ ಗಟ್ಟಿ ಡಬ್ಬಿ. ಅದರ ಮುಂದೆ ಎಂಜಿನ್ ಹೊರುವ ಕೊಳವೆಗಳ ಚೌಕಟ್ಟು. ಹಿಂದೆ ಪೆಟ್ರೋಲಿಗೆ ರಬ್ಬರಿನ ಚೀಲ. ಅದೂ ವಿಮಾನದಿಂದಲೇ ಬಂದದ್ದು. ನಾಲ್ಕು ಚಕ್ರಕ್ಕೂ ಡನ್‌ಲಪ್ ಡಿಸ್ಕ್ ಬ್ರೇಕು. ಚಾಲಕನ ತಲೆಯ ಹಿಂದೆ ಮೀನಿನ ಬೆನ್ನುರೆಕ್ಕೆಯಂಥ ಒಂದು ಏಣು. 3.4 ಲೀಟರ್ ಎಂಜಿನ್, ಮೂರು ವೆಬರ್ ಕಾರ್ಬುರೇಟರ್, 250 ಅಶ್ವಶಕ್ತಿ. 1955ರಲ್ಲಿ ಈ ಕಾರು ಲ ಮಾನ್ ಗೆದ್ದಿತು. 1956ರಲ್ಲಿ ಎಡಿನ್‌ಬರೋದ ಎಕ್ಯೂರಿ ಎಕಾಸ್ ಎಂಬ ಖಾಸಗಿ ತಂಡದ ಕೈಯಲ್ಲಿ ಮತ್ತೊಮ್ಮೆ ಗೆದ್ದಿತು.

ಅದೇ 1956ರ ರೇಸಿನ ಋತು ಮುಗಿಯುತ್ತಿದ್ದಂತೆ ಜಾಗ್ವಾರ್ ಕಂಪನಿ, ತನ್ನ ಸ್ವಂತ ತಂಡವನ್ನು ಇನ್ನು ರೇಸಿಗೆ ಇಳಿಸುವುದಿಲ್ಲ ಎಂದು ಸಾರಿತು. ಕಾರ್ಖಾನೆಯಲ್ಲಿ ಮಾರಾಟವಾಗದೆ ಉಳಿದ ಡಿ ಟೈಪ್ ಕಾರುಗಳು ಮತ್ತು ಅರೆಬರೆ ಜೋಡಿಸಿದ ಬಿಡಿಭಾಗಗಳು ನಿಂತಿದ್ದವು. ಶುದ್ಧ ರೇಸಿನ ಕಾರನ್ನು ಕೊಳ್ಳುವವರು ಎಷ್ಟು ಜನ? ಹಾಗೆಂದು ಒಡೆದು ಹಾಕುವಂಥ ಸರಕೂ ಅಲ್ಲ. ಅತ್ತ ಅಮೆರಿಕದಲ್ಲಿ, ರಸ್ತೆಯಲ್ಲಿ ಓಡಿಸುವ ಕಾರುಗಳನ್ನೇ ವಾರದ ಕೊನೆಗೆ ರೇಸಿಗೆ ತರುವ ಹವ್ಯಾಸಿಗಳು ಬಹಳ ಮಂದಿ ಇದ್ದರು. ಉಳಿದ ಡಿ ಟೈಪ್‌ಗಳಲ್ಲಿ 25ನ್ನು ರಸ್ತೆಯ ಕಾರಾಗಿ ಮಾರ್ಪಡಿಸಿ ಆ ಗಿರಾಕಿಗಳಿಗೆ ಮಾರಬೇಕೆಂದು ಲಯನ್ಸ್ ತೀರ್ಮಾನಿಸಿದರು.

ಮಾರ್ಪಾಟು ನಡೆದ ರೀತಿಯನ್ನು ಹತ್ತಿರದಿಂದ ನೋಡಬೇಕು. ಮೊದಲು ಚಾಲಕನ ತಲೆಯ ಹಿಂದಿನ ಏಣನ್ನು ತೆಗೆದರು. ಚಾಲಕನಿಗೂ ಪಕ್ಕದ ಸೀಟಿಗೂ ನಡುವೆ ಇದ್ದ ಲೋಹದ ಅಡ್ಡಗೋಡೆಯನ್ನು ತೆಗೆದರು. ಪಕ್ಕದಲ್ಲಿ ಕೂರುವವರಿಗೆ ಒಂದು ಬಾಗಿಲು ಕೊಟ್ಟರು. ಅಗಲವಾದ ಗಾಜು ಮುಂದೆ ಬಂತು, ಅದಕ್ಕೆ ವೈಪರ್ ಬಂತು. ಬದಿಗೆ ಪರದೆ, ಮೇಲೆ ಮಡಿಸಿಡುವ ಕ್ಯಾನ್ವಾಸ್ ಹೊದಿಕೆ, ಮುಂದೆ ಹಿಂದೆ ತೆಳುವಾದ ಬಂಪರ್, ತಿರುವು ಸೂಚಿಸುವ ದೀಪ. ಬದಿಯಲ್ಲಿ ಹೊರಗೇ ಹಾದುಹೋಗುವ ಸೈಲೆನ್ಸರ್ ಕೊಳವೆ ಮೈಗೆ ತಾಗಿದರೆ ಸುಡುತ್ತದೆ, ಅದಕ್ಕೊಂದು ತಡೆ. ಡಿಕ್ಕಿಗೆ ಮಾತ್ರ ಜಾಗ ಸಿಗಲಿಲ್ಲ. ಹಿಂಭಾಗವನ್ನೆಲ್ಲ ಪೆಟ್ರೋಲ್ ಚೀಲ ಮತ್ತು ಸ್ಟೆಪ್ನಿ ಚಕ್ರ ತುಂಬಿಕೊಂಡಿದ್ದವು. ಹಾಗಾಗಿ ಕಾರಿನ ಬೆನ್ನಿನ ಮೇಲೆಯೇ ಸೂಟ್‌ಕೇಸ್ ಕಟ್ಟಲು ಒಂದು ಕ್ಯಾರಿಯರ್ ಕೂರಿಸಿದರು. ಲ ಮಾನ್ ಗೆದ್ದ ಯಂತ್ರ ಈಗ ಅಂಗಡಿಗೆ ಹೋಗಿ ಬರಬಹುದಾದ ಕಾರಾಯಿತು. ಅದೇ ಎಕ್ಸ್‌ಕೆಎಸ್‌ಎಸ್.

1957ರ ಫೆಬ್ರವರಿ 12ರ ಸಂಜೆ, ಕವೆಂಟ್ರಿಯ ಬ್ರೌನ್ಸ್ ಲೇನ್‌ನಲ್ಲಿದ್ದ ಜಾಗ್ವಾರ್ ಕಾರ್ಖಾನೆಗೆ ಬೆಂಕಿ ಬಿತ್ತು.

ನೂರಾರು ಕಾರುಗಳು ಸುಟ್ಟು ಕರಕಲಾದವು. ಲಯನ್ಸ್ ಮತ್ತು ಕೆಲಸಗಾರರು ಎದೆಗುಂದಲಿಲ್ಲ. ಅವಶೇಷ ತೆರವು ಮಾಡಿ, ಎರಡು ವಾರ ಕಳೆಯುವುದರೊಳಗೆ ಮಾಮೂಲಿ ಕಾರುಗಳ ತಯಾರಿಕೆಯನ್ನು ಒಂದು ಮಟ್ಟಕ್ಕೆ ಮತ್ತೆ ಆರಂಭಿಸಿದರು. ಆದರೆ ಎಕ್ಸ್‌ಕೆಎಸ್‌ಎಸ್ ಕತೆ ಅಲ್ಲಿಗೆ ನಿಂತಿತು. ಯೋಜಿಸಿದ್ದ 25ರಲ್ಲಿ ಒಂಬತ್ತು ಬೆಂಕಿಯ ಪಾಲಾದವು, ಜೊತೆಗೆ ಅಚ್ಚು ಉಪಕರಣಗಳೂ ಹೋದವು. ಆ ಸರಣಿಯಲ್ಲಿ ಉಳಿದದ್ದು ಹದಿನಾರು. ಹೆಚ್ಚಿನವು ಅಮೆರಿಕಕ್ಕೆ ಹೋದವು. ಕೆನಡಾಕ್ಕೂ ಹಾಂಗ್‌ಕಾಂಗಿಗೂ ಕೆಲವು ತಲುಪಿದವು. ವಿರಳತೆಯನ್ನೇ ಲೆಕ್ಕ ಹಾಕಿ ಇಂತಿಷ್ಟೇ ಕಾರು ಎಂದು ಮಾಡುವ ಈಗಿನ ಪದ್ಧತಿಗೂ ಇದಕ್ಕೂ ಸಂಬಂಧವಿಲ್ಲ. ಹದಿನಾರು ಎಂಬ ಸಂಖ್ಯೆಯನ್ನು ಯಾರೂ ಗೊತ್ತುಮಾಡಿದ್ದಲ್ಲ.

ಬೆಂಕಿ ಬಿದ್ದ ನಾಲ್ಕೇ ತಿಂಗಳಿಗೆ, ಜೂನಿನಲ್ಲಿ, ಲ ಮಾನ್ ರೇಸು ಬಂತು. ಕಂಪನಿಯ ಸ್ವಂತ ತಂಡ ಕಣದಲ್ಲಿ ಇರಲಿಲ್ಲ. ಖಾಸಗಿ ತಂಡಗಳು ಓಡಿಸಿದ ಡಿ ಟೈಪ್ ಕಾರುಗಳು ಮೊದಲ ನಾಲ್ಕೂ ಸ್ಥಾನಗಳನ್ನು ಹಿಡಿದವು. ಆರನೆಯ ಸ್ಥಾನವೂ ಡಿ ಟೈಪ್‌ಗೇ. ಎಕ್ಸ್‌ಕೆಎಸ್‌ಎಸ್ ಕೊಂಡವರ ಗ್ಯಾರೇಜಿನಲ್ಲಿ ನಿಂತದ್ದು ಇದೇ ರೇಸಿನ ಕಾರಿನ ಒಡಹುಟ್ಟು ಎಂಬುದು ಎಲ್ಲರಿಗೂ ಗೊತ್ತಾಯಿತು.

ಹದಿನಾರರ ಪೈಕಿ ಹೆಚ್ಚು ಹೆಸರಾದದ್ದು ಚಾಸಿಸ್ ನಂಬರ್ 713. ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ಅದನ್ನು 1950ರ ದಶಕದ ಕೊನೆಗೆ ಕೊಂಡರು. ಬಿಳಿಯ ಬಣ್ಣ ತೆಗೆಸಿ ಬ್ರಿಟಿಷ್ ರೇಸಿಂಗ್ ಗ್ರೀನ್ ಎಂಬ ಕಡುಹಸಿರು ಹಾಕಿಸಿದರು. ಆ ಕಾರಿಗೆ ಅವರು ಇಟ್ಟ ಅಡ್ಡಹೆಸರು ‘ಗ್ರೀನ್ ರ್ಯಾಟ್’, ಅಂದರೆ ಹಸಿರು ಇಲಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಸ್ಟೀರಿಂಗ್ ಎಡಗಡೆಗೆ ಇರುತ್ತದೆ. ಈ ಕಾರಿನದು ನಮ್ಮಲ್ಲಿಯ ಹಾಗೆ ಬಲಗಡೆಗೆ. ಡ್ಯಾಷ್‌ಬೋರ್ಡಿನಲ್ಲಿ ಸಣ್ಣ ಸಾಮಾನು ಇಡುವ ಗೂಡಿಗೆ ಮುಚ್ಚಳವೇ ಇರಲಿಲ್ಲ. ಕಾರು ವೇಗ ಹಿಡಿದರೆ ಮೆಕ್ವೀನ್ ಅವರ ತಂಪು ಕನ್ನಡಕ ಅಲ್ಲಿಂದ ಹಾರಿಹೋಗುತ್ತಿತ್ತು. ಕಾರು, ಬೈಕುಗಳ ಮೇಲೆ ಚಿತ್ರ ಬಿಡಿಸುವುದರಲ್ಲಿ ಮತ್ತು ಲೋಹದ ಕೆಲಸದಲ್ಲಿ ಹೆಸರಾಗಿದ್ದ ವಾನ್ ಡಚ್ ಎಂಬ ಕುಶಲಿಯಿಂದ ಆ ಗೂಡಿಗೆ ಲೋಹದ ಪುಟ್ಟ ಮುಚ್ಚಳ ಮಾಡಿಸಿದರು. 1969ರಲ್ಲಿ ಕಾರನ್ನು ಕೊಟ್ಟುಬಿಟ್ಟರು, ಮನಸ್ಸು ತಡೆಯದೆ 1977ರಲ್ಲಿ ತಿರುಗಿ ಕೊಂಡರು, 1980ರಲ್ಲಿ ತೀರಿಕೊಳ್ಳುವವರೆಗೂ ಇಟ್ಟುಕೊಂಡರು. ಅವರ ಆಸ್ತಿಯನ್ನು 1984ರಲ್ಲಿ ಹರಾಜು ಹಾಕಿದಾಗ ಅದು 1,48,000 ಡಾಲರಿಗೆ ಹೋಯಿತು. ಈಗ ಲಾಸ್ ಏಂಜಲೀಸಿನ ಪೀಟರ್ಸನ್ ಮ್ಯೂಸಿಯಮ್ಮಿನಲ್ಲಿದೆ. ಆ ಮುಚ್ಚಳ ಜಾಗ್ವಾರ್ ಕಂಪನಿ ಮಾಡಿದ್ದಲ್ಲ. ನಿಯಮದ ಪ್ರಕಾರ ಹೊರಗಿನ ವಸ್ತು. ಆದರೂ ಅದನ್ನು ಕಿತ್ತು ‘ಮೂಲ ಸ್ಥಿತಿ’ಗೆ ತರಬೇಕೆಂದು ಯಾವ ಸಂಗ್ರಾಹಕನೂ ಹೇಳುವುದಿಲ್ಲ. ಅದೂ ಈಗ ಆ ಕಾರಿನ ಚರಿತ್ರೆಯ ಭಾಗ.

ಇಂಥ ಕಾರು ಮಾರಾಟಕ್ಕೆ ಬಂದಾಗ ತಿಳಿದ ಗಿರಾಕಿ ಬಣ್ಣದ ಹೊಳಪಿಗೆ ಮನಸೋಲುವುದಿಲ್ಲ. ಬಾನೆಟ್ ಎತ್ತಿಸುತ್ತಾನೆ. ಚಾಸಿಸ್ ನಂಬರ್, ಎಂಜಿನ್ ಬ್ಲಾಕಿನ ನಂಬರ್, ಸಿಲಿಂಡರ್ ಹೆಡ್ಡಿನ ನಂಬರ್, ಗೇರ್‌ಬಾಕ್ಸಿನ ನಂಬರ್, ಬಾಡಿಯ ನಂಬರ್ ಎಲ್ಲವನ್ನೂ ಟಾರ್ಚ್ ಹಿಡಿದು ಓದುತ್ತಾನೆ. ಅಂಕಿಗಳನ್ನು ಒತ್ತಿದ ಅಚ್ಚು ಆ ಕಾಲದ್ದೋ, ಆಮೇಲೆ ಕೆರೆದು ಒತ್ತಿದ್ದೋ ಎಂದು ಪರೀಕ್ಷಿಸುತ್ತಾನೆ. ಜಾಗ್ವಾರ್ ಕಾರುಗಳ ವಿಷಯದಲ್ಲಿ ಇನ್ನೊಂದು ಅನುಕೂಲ ಇದೆ. ಕಾರ್ಖಾನೆಯ ಹಳೆಯ ಕಡತಗಳು ಉಳಿದಿವೆ. ಕಂಪನಿಯ ಪರಂಪರೆಯನ್ನು ನೋಡಿಕೊಳ್ಳುವ ಟ್ರಸ್ಟ್, ಆ ಕಡತ ನೋಡಿ, ಒಂದು ಕಾರು ಯಾವ ದಿನ ತಯಾರಾಯಿತು, ಮೊದಲು ಯಾವ ಬಣ್ಣ ಇತ್ತು, ಯಾವ ಡೀಲರಿಗೆ ಹೋಯಿತು, ಹೊರಡುವಾಗ ಅದರಲ್ಲಿದ್ದ ಎಂಜಿನ್ ನಂಬರ್ ಎಷ್ಟು ಎಂದು ಪ್ರಮಾಣಪತ್ರ ಕೊಡುತ್ತದೆ. ಕಾರಿನಲ್ಲಿರುವ ನಂಬರುಗಳೂ ಕಡತದ ನಂಬರುಗಳೂ ತಾಳೆಯಾದರೆ ಬೆಲೆ ಒಂದು. ತಾಳೆಯಾಗದಿದ್ದರೆ ಬೆಲೆಯೇ ಬೇರೆ.

ಡಿ ಟೈಪ್ ವಂಶದ ಕಾರುಗಳಲ್ಲಿ ಈ ತಾಳೆ ನೋಡುವುದು ಸುಲಭದ ಕೆಲಸವಲ್ಲ. 1955ರಿಂದ ಮುಂದಿನ ಚೌಕಟ್ಟನ್ನು ನಡುವಿನ ಒಡಲಿಗೆ ಬೋಲ್ಟ್ ಹಾಕಿ ಕೂಡಿಸುತ್ತಿದ್ದರು. ರೇಸಿನಲ್ಲಿ ಗುದ್ದಿಕೊಂಡರೆ ಚೌಕಟ್ಟನ್ನು ಬಿಚ್ಚಿ ಹೊಸದು ಹಾಕಿದರಾಯಿತು. ಅಂದಿನ ಮೆಕ್ಯಾನಿಕ್ಕಿಗೆ ಅದು ಎಷ್ಟು ಒಳ್ಳೆಯ ಉಪಾಯವೋ, ಇಂದಿನ ವಕೀಲರಿಗೆ ಅಷ್ಟೇ ದೊಡ್ಡ ತಲೆನೋವು. ಬಿಚ್ಚಿಟ್ಟ ಹಳೆಯ ಚೌಕಟ್ಟನ್ನು ಯಾರೋ ದಶಕಗಳ ನಂತರ ರಿಪೇರಿ ಮಾಡಿಸಿ, ಅದರ ಸುತ್ತ ಹೊಸ ಒಡಲು ಕಟ್ಟಿದರೆ, ಆಗ ಒಂದೇ ನಂಬರಿನ ಎರಡು ಕಾರು ಹುಟ್ಟುತ್ತವೆ. ಅಸಲಿ ಯಾವುದು? ಕೆಲವು ಎಕ್ಸ್‌ಕೆಎಸ್‌ಎಸ್‌ಗಳನ್ನು ಮಾಲೀಕರು ರೇಸಿನ ಆಸೆಯಿಂದ ಮತ್ತೆ ಡಿ ಟೈಪ್ ಆಕಾರಕ್ಕೆ ತಿರುಗಿಸಿದ್ದೂ ಉಂಟು. ಇಂಥ ಪ್ರಶ್ನೆಗಳನ್ನು ಬಗೆಹರಿಸುವುದು ಹಳೆಯ ರಸೀದಿ, ಹಡಗಿನ ಸಾಗಣೆ ಪತ್ರ, ರೇಸಿನ ದಿನ ತೆಗೆದ ಕಪ್ಪುಬಿಳುಪು ಫೋಟೋ, ಹಿಂದಿನ ಮಾಲೀಕರು ಒಬ್ಬರಿಗೊಬ್ಬರು ಬರೆದ ಕಾಗದ. ಹರಾಜಿನ ಕ್ಯಾಟಲಾಗಿನಲ್ಲಿ ಕಾರಿನ ತಾಂತ್ರಿಕ ವಿವರ ಒಂದು ಪುಟವಿದ್ದರೆ ಅದರ ಮಾಲೀಕರ ಸರಪಳಿಗೆ ಹಲವು ಪುಟಗಳು ಮೀಸಲು. ಆ ಸರಪಳಿಯಲ್ಲಿ ಒಂದು ಕೊಂಡಿ ಕಾಣೆಯಾದರೂ ಸವಾಲು ಕೂಗುವವರ ದನಿ ತಗ್ಗುತ್ತದೆ.

ಎಕ್ಸ್‌ಕೆಎಸ್‌ಎಸ್ ವಿರಳವಾದದ್ದು ಬೆಂಕಿಯಿಂದ. ಒಟ್ಟಾರೆ ಟಾಪ್ ತೆಗೆಯುವ ಕಾರುಗಳು ಉಳಿದವಕ್ಕಿಂತ ಅಪರೂಪವಾಗಿರುವುದಕ್ಕೆ ಬೇರೆ ಕಾರಣಗಳೂ ಇವೆ. ಮೇಲ್ಛಾವಣಿ ಇಲ್ಲದ ಕಾರಿನ ಒಡಲು ಜಗ್ಗದಂತೆ ಕೆಳಭಾಗಕ್ಕೆ ಹೆಚ್ಚಿನ ಬಲ ಕೊಡಬೇಕು. ತಯಾರಿಕೆಯ ಖರ್ಚು ಏರುತ್ತದೆ. ಇಂಗ್ಲೆಂಡಿನ ಮಳೆ, ಚಳಿಗೆ ಅಂಥ ಕಾರು ಕೊಳ್ಳುವವರೂ ಕಡಿಮೆ. ಆಸ್ಟನ್ ಮಾರ್ಟಿನ್ ಡಿಬಿ5 ಉದಾಹರಣೆ ನೋಡಿ. 1963ರಿಂದ 1965ರವರೆಗೆ ಸಾವಿರ ಚಿಲ್ಲರೆ ಕಾರು ಮಾಡಿದರು; ಅದರಲ್ಲಿ ಟಾಪ್ ತೆಗೆಯುವವು 123 ಮಾತ್ರ. ಮಾಡಿದ್ದೇ ಕಡಿಮೆ, ಉಳಿದದ್ದು ಇನ್ನೂ ಕಡಿಮೆ. ಹೊದಿಕೆಯ ಬಟ್ಟೆ ಹರಿದು ನೀರು ಒಳಗೆ ಇಳಿದರೆ ಕಾರ್ಪೆಟ್ಟಿನ ಕೆಳಗಿನ ತಗಡು ತುಕ್ಕು ಹಿಡಿಯುತ್ತದೆ, ಮರದ ಚೌಕಟ್ಟು ಇದ್ದರೆ ಕೊಳೆಯುತ್ತದೆ. ಮೇಲೆ ನೋಡಲು ಲಕ್ಷಣವಾಗಿಯೇ ಇರುವ ಕಾರು ತಳದಲ್ಲಿ ಜಾಳುಜಾಳಾಗಿರುತ್ತದೆ. ಅದಕ್ಕೇ ಬಲ್ಲವರು ಇಂಥ ಕಾರು ಕೊಳ್ಳುವಾಗ ಮೊದಲು ಚಾಪೆ ಎತ್ತಿ ನೆಲ ನೋಡುತ್ತಾರೆ, ಬಾಗಿಲು ಹಾಕಿ ತೆಗೆದು ಸಂದು ಸಮವಾಗಿದೆಯೇ ನೋಡುತ್ತಾರೆ. ಒಡಲು ಜಗ್ಗಿದ್ದರೆ ಬಾಗಿಲ ಸಂದಿನಲ್ಲಿ ಅದು ಗೊತ್ತಾಗಿಬಿಡುತ್ತದೆ.

2008ರಲ್ಲಿ ಜಾಗ್ವಾರ್ ಕಂಪನಿ ಲ್ಯಾಂಡ್ ರೋವರ್ ಜೊತೆಗೆ ಭಾರತದ ಟಾಟಾ ಮೋಟಾರ್ಸ್ ತೆಕ್ಕೆಗೆ ಬಂತು. ಅದುವರೆಗೆ ಒಡೆಯರಾಗಿದ್ದ ಫೋರ್ಡ್‌ನವರಿಗೆ ಸಂದದ್ದು 230 ಕೋಟಿ ಡಾಲರ್. ಟಾಟಾ ಒಡೆತನದಲ್ಲಿ 2016ರಲ್ಲಿ ಕಂಪನಿ ಒಂದು ದಿಟ್ಟ ಕೆಲಸಕ್ಕೆ ಕೈಹಾಕಿತು. ಅಂದು ಬೆಂಕಿಗೆ ಹೋದ ಒಂಬತ್ತು ಎಕ್ಸ್‌ಕೆಎಸ್‌ಎಸ್‌ಗಳನ್ನು ಮತ್ತೆ ಮಾಡಿಕೊಡುವುದು! ಮೂಲ ಅಚ್ಚುಗಳು ಉಳಿದಿರಲಿಲ್ಲ. ಉಳಿದ ಹಳೆಯ ಕಾರುಗಳನ್ನು ಸ್ಕ್ಯಾನ್ ಮಾಡಿ, ಹೊಸ ಅಚ್ಚು ಮಾಡಿ, ಮೆಗ್ನೀಸಿಯಂ ಮಿಶ್ರಲೋಹದ ತಗಡನ್ನು 1950ರ ದಶಕದ ಟಿಂಕರಿಂಗ್ ವಿಧಾನದಲ್ಲೇ ಕೈಯಿಂದ ತಟ್ಟಿ ಬಾಗಿಸಿದರು. ಒಂದು ಕಾರಿಗೆ ಎರಡು ಸಾವಿರಕ್ಕೂ ಹೆಚ್ಚು ರಿವೆಟ್. ಕಂಪನಿ ಹೇಳಿದ ಪ್ರಕಾರ ಒಂದೊಂದಕ್ಕೂ ಸುಮಾರು 10,000 ಗಂಟೆಗಳ ಕೆಲಸ. ಬೆಲೆ ಹತ್ತು ಲಕ್ಷ ಪೌಂಡಿಗೂ ಮೇಲೆ. ಈ ಒಂಬತ್ತಕ್ಕೂ ಮೊದಲು ಮಾದರಿಯಾಗಿ ಮಾಡಿದ ಒಂದು ಕಾರನ್ನು ಲಾಸ್ ಏಂಜಲೀಸಿನಲ್ಲಿ, ಮೆಕ್ವೀನ್ ಅವರ ಕಾರು ಇರುವ ಅದೇ ಪೀಟರ್ಸನ್ ಮ್ಯೂಸಿಯಮ್ಮಿನಲ್ಲಿ ಅನಾವರಣ ಮಾಡಿದರು.

ಈ ಒಂಬತ್ತರ ಬಗ್ಗೆ ಸಂಗ್ರಾಹಕರಲ್ಲಿ ಎರಡು ಅಭಿಪ್ರಾಯಗಳಿವೆ. ಅದೇ ಕಂಪನಿ, ಅದೇ ನಕ್ಷೆ, ಅದೇ ವಿಧಾನ. ಇದನ್ನು ನಕಲು ಎನ್ನುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. 1957ರಲ್ಲಿ ಇಲ್ಲದ ಕಾರು 1957ರ ಕಾರು ಆಗುವುದು ಹೇಗೆ ಎಂದು ಇನ್ನು ಕೆಲವರು. ಮಾರುಕಟ್ಟೆ ತನ್ನ ತೀರ್ಪು ಕೊಟ್ಟಿದೆ: ಹೊಸ ಒಂಬತ್ತಕ್ಕೆ ಹತ್ತು ಲಕ್ಷ ಪೌಂಡಿನ ಮಟ್ಟ, ಹಳೆಯ ಹದಿನಾರಕ್ಕೆ ಅದರ ಹತ್ತು ಪಟ್ಟು. ಆದರೂ ಆ ಒಂಬತ್ತನ್ನು ತಳ್ಳಿಹಾಕುವುದು ನ್ಯಾಯವಲ್ಲ. ಲೋಹವನ್ನು ಕೈಯಲ್ಲಿ ಪಳಗಿಸುವ ವಿದ್ಯೆ ಕವೆಂಟ್ರಿ ಸೀಮೆಯಲ್ಲಿ ಹಳಬರ ಜೊತೆಗೇ ಮುಗಿದುಹೋಗುವ ಹಂತದಲ್ಲಿತ್ತು. ಆ ಒಂಬತ್ತು ಕಾರುಗಳ ನೆಪದಲ್ಲಿ ಹೊಸ ತಲೆಮಾರಿನವರು ಅದನ್ನು ಕಲಿತರು. ಹಳೆಯ ಹದಿನಾರರಲ್ಲಿ ಯಾವುದಾದರೂ ನಾಳೆ ಪೆಟ್ಟು ತಿಂದು ಬಂದರೆ ಅದನ್ನು ಸರಿಪಡಿಸಬಲ್ಲ ಕೈಗಳು ಈಗ ಇವೆ.

ಈ ಕತೆ ಕನ್ನಡ ನಾಡಿನ ಕೇಳುಗರಿಗೆ ದೂರದ್ದು ಎನ್ನಿಸಬೇಕಾಗಿಲ್ಲ. ಮಾರಿಸ್, ಆಸ್ಟಿನ್, ಸ್ಟ್ಯಾಂಡರ್ಡ್, ಹಿಲ್‌ಮನ್ ಎಂಬ ಬ್ರಿಟಿಷ್ ಹೆಸರಿನ ಕಾರುಗಳು ನಮ್ಮ ಊರುಗಳಲ್ಲೂ ಓಡಾಡಿವೆ. ಕೆಲವು ಇನ್ನೂ ಕೊಟ್ಟಿಗೆಗಳಲ್ಲಿ, ಶೆಡ್ಡುಗಳಲ್ಲಿ ನಿಂತಿವೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಹತ್ತಿರ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿರುವ ‘ಪಯಣ’ದಲ್ಲಿ ಹಳೆಯ ಕಾರುಗಳನ್ನು ಜೋಪಾನವಾಗಿ ಇಟ್ಟಿರುವುದನ್ನು ಯಾರು ಬೇಕಾದರೂ ನೋಡಬಹುದು. 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ ಹೆಚ್ಚು ಮಾರ್ಪಡದೆ ಮೂಲ ರೂಪದಲ್ಲೇ ಇರುವ ಖಾಸಗಿ ಕಾರು, ಬೈಕುಗಳಿಗೆ ಇದು ಅನ್ವಯಿಸುತ್ತದೆ. ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳಿರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ರ್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥ ಕೆಲಸಗಳಿಗೆ ರಸ್ತೆಗೆ ತರಬಹುದು.

ನಮ್ಮ ಮನೆಗಳಲ್ಲಿ ಕಾರು ಉಳಿದರೂ ಕಾಗದ ಉಳಿಯುವುದು ಕಡಿಮೆ. ಅಜ್ಜನ ಕಾಲದ ಆರ್‌ಸಿ ಪುಸ್ತಕ ಮನೆ ಬದಲಾಯಿಸುವಾಗ ರದ್ದಿಗೆ ಹೋಗಿರುತ್ತದೆ. ಎಂಜಿನ್ ಕೆಟ್ಟಿತೆಂದು ಡೀಸೆಲ್ ಎಂಜಿನ್ ಕೂರಿಸಿ, ಮೂಲ ಎಂಜಿನ್ನನ್ನು ಗುಜರಿಗೆ ತೂಕಕ್ಕೆ ಹಾಕಿರುತ್ತಾರೆ. ಟಿಂಕರಿಂಗ್ ಮಾಡಿಸುವಾಗ ಚಾಸಿಸ್ ನಂಬರಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆದಿರುತ್ತಾರೆ. ಮನೆಯಲ್ಲಿ ಹಳೆಯ ಕಾರು ಇರುವವರು ಗ್ಯಾರೇಜಿಗೆ ಕಳಿಸುವ ಮೊದಲು ಎಲ್ಲ ನಂಬರುಗಳ ಫೋಟೋ ತೆಗೆದಿಡಬೇಕು. ಬಿಚ್ಚಿದ ಭಾಗವನ್ನು ಕೇಳಿ ವಾಪಸು ತರಬೇಕು. ಹಳೆಯ ಆರ್‌ಸಿ, ಇನ್ಶೂರೆನ್ಸ್, ರಿಪೇರಿ ಬಿಲ್ಲು, ಕಾರಿನ ಮುಂದೆ ನಿಂತು ತೆಗೆಸಿಕೊಂಡ ಮದುವೆಯ ಫೋಟೋ ಎಲ್ಲವನ್ನೂ ಒಂದು ಫೈಲಿನಲ್ಲಿ ಸೇರಿಸಬೇಕು. ಕಾರನ್ನು ಚೆನ್ನಾಗಿ ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅದನ್ನು ಯಾರಿಂದ, ಯಾವ ವರ್ಷ, ಎಷ್ಟಕ್ಕೆ ಕೊಂಡದ್ದು ಎಂದು ಅವರ ಕೈಯಲ್ಲೇ ಬರೆಸಿ, ತಾರೀಖು ಹಾಕಿಸಿ ಸಹಿ ಮಾಡಿಸಬೇಕು. ಮುಂದೊಂದು ದಿನ ಕಾರು ಮಾರುವ ಸಂದರ್ಭ ಬಂದರೆ ಕೀಲಿಕೈಯ ಜೊತೆಗೆ ಆ ಫೈಲನ್ನೂ ಕೊಂಡವರಿಗೆ ಒಪ್ಪಿಸಬೇಕು.